ಮೂರು ಸಲ ಹೆಡ್ಸ್ ಬಿದ್ದ ಮೇಲೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿತ್ತು. ಬೆಳಗಾದರೆ ಸಾಕು, ಬೀದಿಯ ಶೆಡ್ಡುಗಳಲ್ಲಿ ಲೇತ್ ಯಂತ್ರಗಳು ಕಬ್ಬಿಣ ಕೊರೆಯುವ ಸದ್ದು. ಸಂಜೆ ಮೆಟ್ಟಿಲ ಕಡೆಯಿಂದ ಮೆಷಿನ್ ಎಣ್ಣೆಯ ವಾಸನೆ ಬಂದರೆ ಅಪ್ಪ ಕೆಲಸ ಮುಗಿಸಿ ಬಂದರು ಎಂದು ನನಗೂ ಅಕ್ಕನಿಗೂ ಗೊತ್ತಾಗುತ್ತಿತ್ತು.

ಅಪ್ಪನ ಕಾರ್ಖಾನೆಯೊಳಗೆ ಮಕ್ಕಳನ್ನು ಬಿಡುತ್ತಿದ್ದದ್ದು ವರ್ಷಕ್ಕೊಂದೇ ದಿನ, ಆಯುಧಪೂಜೆಗೆ. ಅಂದು ಅಪ್ಪನ ಮೊಪೆಡ್ಡಿನ ಮುಂದೆಲ್ಲ ಬೂದುಗುಂಬಳ, ಬಾಳೆಕಂದು ತುಂಬಿರುತ್ತಿದ್ದವು. ಹಿಂದೆ ಒಬ್ಬರಿಗೆ ಮಾತ್ರ ಜಾಗ. ಜಗಳ ಬೇಡವೆಂದು ಅಪ್ಪ ಹಿಂದಿನ ಸಂಜೆ ನಾಣ್ಯ ಚಿಮ್ಮುತ್ತಿದ್ದರು. ಅಕ್ಕನದು ಯಾವಾಗಲೂ ಹೆಡ್ಸ್, ನನ್ನದು ಟೇಲ್ಸ್. ಸಾಲಾಗಿ ಮೂರು ವರ್ಷ ಹೆಡ್ಸೇ ಬಿತ್ತು. ಅಕ್ಕ ಹೋಗಿಬಂದು ಯಂತ್ರಗಳನ್ನು ವರ್ಣಿಸುತ್ತಿದ್ದಳು, ನಾನು ಹೊಟ್ಟೆಕಿಚ್ಚಿನಿಂದ ಕೇಳುತ್ತಾ ಕೂರುತ್ತಿದ್ದೆ.

ಏಳನೇ ತರಗತಿಯಲ್ಲಿ, ದಸರಾ ರಜೆಗೆ ಮುಂಚೆ, ಗಣಿತದ ಮಿಸ್ ಸಂಭವನೀಯತೆಯ ಪಾಠ ಶುರುಮಾಡಿದರು. ನಾನು ಎದ್ದುನಿಂತು ಕೇಳಿದೆ: "ಮಿಸ್, ಮೂರು ಸಲ ಹೆಡ್ಸ್ ಬಿದ್ರೆ ನಾಲ್ಕನೇ ಸಲ ಟೇಲ್ಸ್ ಬೀಳ್ಲೇಬೇಕಲ್ವಾ?"

"ಅದು ಹೇಗಮ್ಮ? ಹಿಂದೆ ಏನ್ ಬಿತ್ತು ಅಂತ ನಾಣ್ಯಕ್ಕೆ ನೆನಪಿರುತ್ತಾ? ಪ್ರತಿ ಸಲಾನೂ ಎರಡಕ್ಕೂ ಸಮ ಅವಕಾಶ. ನಂಬಿಕೆ ಬರ್ದಿದ್ರೆ ಮನೇಲಿ ಮಾಡಿ ನೋಡು" ಎಂದರು ಮಿಸ್.

ನಂಬಿಕೆ ಬರಲಿಲ್ಲ. ಹಬ್ಬದ ಹಿಂದಿನ ದಿನ ಒಂದು ನಾಣ್ಯ, ಒಂದು ಸೀಮೆಸುಣ್ಣ ಹಿಡಿದು ತಾರಸಿಗೆ ಹೋದೆ. ಅಣಕಿಸಲು ಹಿಂದೆಯೇ ಬಂದ ಅಕ್ಕ, "ಕೊಡೇ ಇಲ್ಲಿ, ನಾನು ಚಿಮ್ತೀನಿ" ಎಂದು ಕೂತೇಬಿಟ್ಟಳು. ನೀರಿನ ಟ್ಯಾಂಕಿನ ನೆರಳಿನಲ್ಲಿ ಅವಳು ಚಿಮ್ಮಿದಳು, ನಾನು ನೆಲದ ಮೇಲೆ ಗುರುತು ಹಾಕಿದೆ. ಹೆಡ್ಸ್ ಬಿದ್ದರೆ ಗೀಟು, ಟೇಲ್ಸ್ ಬಿದ್ದರೆ ಸೊನ್ನೆ. ಸಾಲಾಗಿ ಮೂರು ಗೀಟು ಬಂದಾಗಲೆಲ್ಲ ಇಬ್ಬರೂ ಉಸಿರು ಬಿಗಿಹಿಡಿದು ಮುಂದಿನದನ್ನು ಕಾಯುತ್ತಿದ್ದೆವು. ಒಮ್ಮೆ ಸೊನ್ನೆ. ಒಮ್ಮೆ ಗೀಟು. ಇನ್ನೊಮ್ಮೆ ಗೀಟಿನ ಮೇಲೆ ಗೀಟು ಬಂದು ಸಾಲು ನಿಲ್ಲಲೇ ಇಲ್ಲ, ಅಕ್ಕನಿಗೂ ಅಚ್ಚರಿ. ಮಧ್ಯಾಹ್ನದ ಹೊತ್ತಿಗೆ ತಾರಸಿಯ ಅರ್ಧ ನೆಲ ಬೆಳ್ಳಗಾಗಿತ್ತು. ಮೂರು ಗೀಟುಗಳ ನಂತರ ಬಂದ ಗುರುತುಗಳನ್ನಷ್ಟೇ ಎಣಿಸಿದೆವು. ಗೀಟುಗಳೂ ಸೊನ್ನೆಗಳೂ ಹೆಚ್ಚುಕಡಿಮೆ ಸಮ.

"ಹಾಗಾದ್ರೆ ಈ ಸಲಾನೂ ನಾನೇ ಹೋಗ್ಬಹುದು" ಎಂದಳು ಅಕ್ಕ. ಹೌದಲ್ಲ ಅನ್ನಿಸಿತು. ಒಂದು ಕಡೆ ಗುಟ್ಟೊಂದು ತಿಳಿದ ಖುಷಿ, ಇನ್ನೊಂದು ಕಡೆ ಎದೆಯಲ್ಲಿ ಸಣ್ಣ ಸಂಕಟ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ನಾನು ಮನೆಯಲ್ಲೇ ಉಳಿಯಬಹುದು. ನಾಣ್ಯ ಯಾರಿಗೂ ಮೋಸ ಮಾಡುವುದಿಲ್ಲ ನಿಜ, ಆದರೆ ಸರದಿ ಎಂಬುದೂ ಅದಕ್ಕೆ ಗೊತ್ತಿಲ್ಲ.

ಸಂಜೆ ಅಪ್ಪ ಜೇಬಿನಿಂದ ನಾಣ್ಯ ತೆಗೆದರು. ನಾನು ಅವರ ಕೈ ಹಿಡಿದೆ. "ಟಾಸ್ ಬೇಡಪ್ಪ. ಮೂರು ವರ್ಷ ಯಾರು ಹೋದ್ರು ಅಂತ ನಾಣ್ಯಕ್ಕೆ ನೆನಪಿರಲ್ಲ. ನಮಗೆ ನೆನಪಿದೆಯಲ್ಲ."

ಅಪ್ಪ ಅಕ್ಕನ ಮುಖ ನೋಡಿದರು. ಅವಳಿಗೂ ಹೋಗುವ ಆಸೆ ಇದ್ದೇ ಇತ್ತು. ನೆಲದಿಂದ ನಾಣ್ಯ ಹೆಕ್ಕಿ ಹೆಕ್ಕಿ ಸೀಮೆಸುಣ್ಣದ ಪುಡಿ ಮೆತ್ತಿದ್ದ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ, "ಅವಳು ಹೇಳೋದು ಸರಿ ಅಪ್ಪ. ಈ ಸಲ ಅವಳು ಹೋಗ್ಲಿ, ಬರೋ ವರ್ಷ ನಾನು" ಎಂದಳು.

ಮರುದಿನ ನಾನು ಮೊಪೆಡ್ಡಿನ ಹಿಂದೆ ಕೂತು ಹೋದೆ. ಎಲ್ಲ ಯಂತ್ರಗಳೂ ಅಂದು ಸದ್ದಿಲ್ಲದೆ ನಿಂತಿದ್ದವು. ಅವುಗಳ ಮೈಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡುಹೂವು. ಎಣ್ಣೆಯ ವಾಸನೆಯ ಜೊತೆ ಕರ್ಪೂರದ ಘಮ. ಅಪ್ಪ ದಿನವಿಡೀ ನಿಲ್ಲುವ ಲೇತನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು.

ಈಗ, ಮಕ್ಕಳೇ, ನೀವು ಮೂವರೂ ಕಾರಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿದರೆ ಯಾರು ಕೂರಬೇಕೆಂದು ಫೋನನ್ನು ಕೇಳುತ್ತೀರಿ. ಕಣ್ಣು ಮಿಟುಕಿಸುವುದರೊಳಗೆ ಅದು ಒಂದು ಹೆಸರು ಹೇಳಿಬಿಡುತ್ತದೆ. ನಾವಾದರೆ ನಾಣ್ಯ ಮೇಲೆ ಹಾರುವುದನ್ನೂ ನೆಲದಲ್ಲಿ ಉರುಳುವುದನ್ನೂ ಕಣ್ಣಾರೆ ನೋಡುತ್ತಿದ್ದೆವು. ನಿಮ್ಮ ಫೋನಿನೊಳಗೆ ಏನು ಉರುಳುತ್ತದೋ ನನಗೆ ಕಾಣುವುದಿಲ್ಲ. ಅದು ಮೂವರನ್ನೂ ಸಮವಾಗಿ ಆರಿಸುತ್ತದೆಯೇ ಎಂದು ನಿಮ್ಮಲ್ಲಿ ಯಾರಾದರೂ ಕೂತು ಎಣಿಸಿ ನೋಡಿದ್ದೀರಾ?