ಪಾತ್ರೆಯ ತಳ ನೋಡಿ ಹೊರಡುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಅಡುಗೆಮನೆಯಲ್ಲಿ ಟ್ಯೂಬ್‌ಲೈಟುಗಳು ಉರಿಯುತ್ತಿವೆ, ಒಲೆಗಳು ಉರಿಯುತ್ತಿವೆ, ಅವೆಲ್ಲಕ್ಕಿಂತ ಜೋರಾಗಿ ಅಡುಗೆಯ ಮುಖ್ಯಸ್ಥರು ಉರಿಯುತ್ತಿದ್ದಾರೆ. ಅವರ ಕಂಠ ಅಂಥದ್ದು. ಬೆನ್ನ ಹಿಂದೆ ಎಲ್ಲರೂ ಅವರನ್ನು ಗುಡುಗಣ್ಣ ಎಂದೇ ಕರೆಯುವುದು. "ಗ್ಯಾಸ್ ಇದೆ, ಕರೆಂಟ್ ಇದೆ, ನೀರಿದೆ. ಮತ್ತೇನಂತೆ ಇದರ ದಾಡಿ?" ಎಂದು ಅವರು ಆಳೆತ್ತರದ ಒಂದು ಸ್ಟೀಲ್ ಕಪಾಟಿನ ಕಡೆ ಕೈ ಬೀಸುತ್ತಾರೆ. ಅದು ಆವಿಯಲ್ಲಿ ಬೇಯಿಸುವ ಯಂತ್ರ. ಹಾಲು, ಗಂಜಿ ಹೇಗೋ ಒಲೆಯ ಮೇಲೆ ಆಗುತ್ತವೆ. ವಾರ್ಡುಗಳಿಗೆ ಹೋಗುವ ಮಿಕ್ಕದ್ದೆಲ್ಲ ಬೇಯಬೇಕಾದ್ದು ಇದರ ಹೊಟ್ಟೆಯಲ್ಲೇ. ಇವತ್ತು ಅದು ಮುಷ್ಕರ ಹೂಡಿದೆ.

ಕಪಾಟಿನ ಬುಡದಲ್ಲಿ, ಒದ್ದೆ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಮಲಗಿದ್ದಾರೆ. ಖಾಕಿ ಅಂಗಿ, ಬಿಗಿದು ಕಟ್ಟಿದ ತುರುಬು, ಬಾಯಲ್ಲಿ ಟಾರ್ಚು. ಕೆನ್ನೆಯನ್ನು ಯಂತ್ರಕ್ಕೆ ಒತ್ತಿ ಕಿವಿಗೊಟ್ಟಿದ್ದಾರೆ. ಗುಡುಗಣ್ಣನ ಪ್ರಶ್ನೆಗಳು ತಲೆಯ ಮೇಲೆ ಸುರಿಯುತ್ತಲೇ ಇವೆ. ಕಡೆಗೆ ಬಾಯಿಂದ ಟಾರ್ಚು ತೆಗೆದು, "ಅಣ್ಣ, ಒಂದು ನಿಮಿಷ ಸುಮ್ನಿರಿ, ಇದೇನೋ ಹೇಳ್ತಿದೆ" ಅನ್ನುತ್ತಾರೆ. ಪಾತ್ರೆ ತೊಳೆಯುತ್ತಿದ್ದವರು ಕಿಸಕ್ಕನೆ ನಗುತ್ತಾರೆ. ಗುಡುಗಣ್ಣನಿಗೆ ಸುಮ್ಮನಿರು ಅಂದವರನ್ನು ಅವರು ಕಂಡಿರಲಿಕ್ಕಿಲ್ಲ.

ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಇವರು ಅಕ್ಕ. ಹೋಟೆಲು, ಹಾಸ್ಟೆಲು, ಆಸ್ಪತ್ರೆಗಳ ದೊಡ್ಡ ಅಡುಗೆಮನೆಗಳ ಯಂತ್ರ ರಿಪೇರಿ ಮಾಡುವುದು ಆ ವರ್ಕ್‌ಶಾಪಿನ ಕಸುಬು. ಅಕ್ಕ ಅಲ್ಲಿಗೆ ಸೇರಿ ಎರಡು ವರ್ಷವೂ ತುಂಬಿಲ್ಲ. ಮಗಳು ಹೈಸ್ಕೂಲು ಮುಗಿಸುವ ವಯಸ್ಸಿನಲ್ಲಿ ಅಮ್ಮ ಹೊಸ ಕಸುಬಿನ ಅಆಇಈ ತಿದ್ದುತ್ತಿದ್ದಾರೆ. ಇಲ್ಲಿಯವರೆಗೂ ಅಲ್ಲಿನ ಹಿರಿಯ ಮೆಕ್ಯಾನಿಕ್ಕಾದ ಮೇಸ್ತ್ರಿಯ ಹಿಂದೆ ಬ್ಯಾಗು ಹೊತ್ತು ಹೋದದ್ದೇ ಹೆಚ್ಚು. ಅವರ ಕೆಲಸದ ಹೆಸರೂ ಹೆಲ್ಪರ್ ಅಂತಲೇ. ಇವತ್ತು ಮೊದಲ ಸಲ ಒಬ್ಬರೇ ಬಂದಿದ್ದಾರೆ. ಮೇಸ್ತ್ರಿಗೆ ಮೊಣಕಾಲಿನ ಆಪರೇಷನ್ ಆಗಿ ಮಂಚ ಹಿಡಿದಿದ್ದಾರೆ, ಬೇರೆ ಮೆಕ್ಯಾನಿಕ್ಕುಗಳು ಪರಸ್ಥಳದಲ್ಲಿದ್ದಾರೆ. ಒಂಟಿಯಾಗಿ ಬಂದದ್ದಾದರೂ ಎಲ್ಲಿಗೆ? ಕೆಲವು ತಿಂಗಳ ಹಿಂದೆ "ಆ ಹೆಂಗಸನ್ನ ಇನ್ಮೇಲೆ ಈ ಹೊಸಿಲು ದಾಟಿಸ್ಬೇಡಿ" ಎಂದು ಗುಡುಗಣ್ಣ ಕೂಗಾಡಿ ಅಟ್ಟಿದ್ದ ಇದೇ ಅಡುಗೆಮನೆಗೆ. ಇವತ್ತೂ ಕೈಕೊಟ್ಟರೆ ಒಂಟಿಯಾಗಿ ಕಳಿಸುವ ಮಾತನ್ನು ವರ್ಕ್‌ಶಾಪಿನಲ್ಲಿ ಇನ್ನು ಯಾರೂ ಎತ್ತುವುದಿಲ್ಲ. ಅದು ಅಕ್ಕನಿಗೂ ಗೊತ್ತು, ಗುಡುಗಣ್ಣನಿಗೂ ಗೊತ್ತು.

ಅಕ್ಕ ಹುಟ್ಟಾ ಮೆಕ್ಯಾನಿಕ್ ಏನಲ್ಲ. ಮದುವೆಯಾದ ಹೊಸತರಿಂದ ಒಂದು ಕಾಲೇಜು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದವರು. ಹಂಡೆಯೊಳಗೆ ಇಳಿದು ಉಜ್ಜುವಷ್ಟು ದೊಡ್ಡ ಪಾತ್ರೆಗಳು. ಉಗುರಿನ ಸಂದಿಯಲ್ಲಿ ಸೋಪಿನ ಹುಣ್ಣು ಆರಿದ್ದೇ ಇಲ್ಲವಂತೆ. ಅಲ್ಲಿ ಯಂತ್ರ ಕೆಟ್ಟಾಗಲೆಲ್ಲ ಮೇಸ್ತ್ರಿ ಬರುತ್ತಿದ್ದರು. ಟಾರ್ಚು ಹಿಡಿಯಲು ಯಾರಾದರೂ ಬೇಕಲ್ಲ, ಅದು ಅಕ್ಕನ ಪಾಲಿಗೆ ಬರುತ್ತಿತ್ತು. "ಬೇರೆಯವ್ರು ಟಾರ್ಚ್ ಹಿಡಿದ್ರೆ ಬೆಳಕು ಸೂರಿನ ಮೇಲಿರ್ತಿತ್ತು. ಇವಳು ಹಿಡಿದ್ರೆ ನನ್ನ ಕೈ ಎಲ್ಲಿ ಹೋಗುತ್ತೋ ಅಲ್ಲಿಗೆ ಮುಂಚೆನೇ ಹೋಗಿ ನಿಂತಿರ್ತಿತ್ತು ಕಣ್ರೀ" ಎಂದು ಮಂಚದ ಮೇಲೆ ಕಾಲು ನೀಡಿಕೊಂಡೇ ಮೇಸ್ತ್ರಿ ನೆನೆಯುತ್ತಾರೆ. ಒಂದು ದಿನ ಹಿಟ್ಟು ಕಲಸುವ ಯಂತ್ರ ಕೆಟ್ಟಿದೆಯೆಂದು ಹಾಸ್ಟೆಲಿನಿಂದ ಫೋನು ಹೋಯಿತು. ಮಾತಾಡಿದವರು ಅಕ್ಕ. "ಬೆಲ್ಟ್ ಸವೆದಿದೆ ಅನ್ಸುತ್ತೆ ಮೇಸ್ತ್ರಿ, ಬರುವಾಗ ತಂದುಬಿಡಿ, ಎರಡು ಸಲ ಓಡಾಟ ತಪ್ಪುತ್ತೆ" ಅಂದರಂತೆ. ಬಂದು ಬಿಚ್ಚಿ ನೋಡಿದರೆ ಬೆಲ್ಟೇ. ಆ ಸಂಜೆಯೇ ಮೇಸ್ತ್ರಿ, "ಈ ಮಸಿ ಉಜ್ಜೋದು ಸಾಕು, ನನ್ನ ಜೊತೆ ಬಂದುಬಿಡಮ್ಮ" ಎಂದು ಕರೆದರು.

ಕರೆದಷ್ಟು ಸುಲಭವಾಗಿ ಹೊರಡುವುದಾಯಿತೇ? ಮನೆಯಲ್ಲಿ ಅತ್ತೆ ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ಮಾತಾಡಿದ್ದು ಇನ್ನೂ ಕಷ್ಟವಾಯಿತು ಎನ್ನುತ್ತಾರೆ ಅಕ್ಕ. "ಸ್ಪ್ಯಾನರ್ ಹಿಡ್ಕೊಂಡು ಊರೆಲ್ಲ ಅಲೀತಾಳಂತೆ ನಮ್ಮನೆ ಮಹಾರಾಣಿ, ಅಂತ ಓಣಿಗೆಲ್ಲ ಕೇಳೋ ಹಾಗೆ ಅಂದ್ರು. ಟೈಲರ್ ಕೆಲಸ ಮಾಡೋ ನಮ್ಮನೆಯವ್ರು ಮಿಷನ್‌ನಿಂದ ತಲೆ ಎತ್ತದೇನೆ, ಅಮ್ಮ, ನಾನು ಸೂಜಿ ಹಿಡೀತೀನಿ, ನಂಗ್ಯಾರೂ ಏನೂ ಅನ್ನಲ್ವಲ್ಲ ಅಂದ್ರು. ಅಷ್ಟೇ. ಅತ್ತೆ ಬಾಯಿಗೆ ಬೀಗ ಬಿತ್ತು." ಈಗ ಆ ಅತ್ತೆಯೇ ದಿನಾ ಸಂಜೆ ಸೊಸೆಯ ಬ್ಯಾಗು ಸುರುವಿಕೊಂಡು ಒಂದೊಂದು ಸಲಕರಣೆಯನ್ನೂ ಹಳೇ ಬನಿಯನ್ನಿನಲ್ಲಿ ಒರೆಸಿ ಎಣಿಸಿ ಇಡುತ್ತಾರೆ. ಒಂದು ಕಮ್ಮಿಯಾದರೆ ಅದು ಸಿಗುವ ತನಕ ಸೊಸೆಗೆ ಊಟವಿಲ್ಲ.

ಮೇಸ್ತ್ರಿ ಕಲಿಸಿದ್ದರಲ್ಲಿ ಅಕ್ಕನಿಗೆ ಪಂಚಪ್ರಾಣವಾದದ್ದು ಒಂದು ಪದ್ಧತಿ. ಒಲೆ ರಿಪೇರಿ ಮಾಡಿದವರು ಉರಿ ಹೊತ್ತಿತು ಎಂದು ಬ್ಯಾಗು ಎತ್ತಿಕೊಳ್ಳುವ ಹಾಗಿಲ್ಲ. ಬೆಳಗಿದ ಪಾತ್ರೆಯಲ್ಲಿ ನೀರಿಟ್ಟು, ಕುದಿ ಬರುವ ತನಕ ಕಾದು, ನೀರು ಚೆಲ್ಲಿ ಪಾತ್ರೆ ಮಗುಚಬೇಕು. ತಳ ಹೊಳೆಯುತ್ತಿದ್ದರೆ ನಮಸ್ಕಾರ ಹೇಳಿ ಹೊರಡಬಹುದು. ಮಸಿ ಹಿಡಿದಿದ್ದರೆ ಮತ್ತೆ ಬಿಚ್ಚಬೇಕು. "ಉರಿ ನಮ್ಮೆದುರಿಗೆ ಚೆನ್ನಾಗಿರೋ ಹಾಗೆ ನಾಟಕ ಆಡುತ್ತೆ. ತಳ ನಾಟಕ ಆಡಲ್ಲ" ಎನ್ನುತ್ತಾರೆ ಮೇಸ್ತ್ರಿ.

ಗುಡುಗಣ್ಣ ಅವತ್ತು ಕೂಗಾಡಿದ್ದು ಇದೇ ತಳದ ದೆಸೆಯಿಂದ. ಒಲೆಯ ಬರ್ನರಿಗೆ ಗ್ಯಾಸು ಬರುವ ಕಡೆ ಜೆಟ್ ಎಂಬ ಹಿತ್ತಾಳೆಯ ಮೊಳೆಯಂಥ ಒಂದು ಸಣ್ಣ ಭಾಗವಿರುತ್ತದೆ. ಅದರಲ್ಲೊಂದು ಕೂದಲೆಳೆ ತೂತು. ಅದು ಕಟ್ಟಿಕೊಂಡರೆ ದ್ರಾವಣದಲ್ಲಿ ನೆನೆಸಿಟ್ಟು ಊದಬೇಕು, ಚುಚ್ಚಬಾರದು. ಚುಚ್ಚಿದರೆ ತೂತು ಅಗಲವಾಗಿ ಗ್ಯಾಸು ಹೆಚ್ಚು ನುಗ್ಗುತ್ತದೆ, ಗಾಳಿ ಸಾಲದೆ ನೀಲಿ ಉರಿ ಹಳದಿಗೆ ತಿರುಗುತ್ತದೆ, ಪಾತ್ರೆಗೆ ಮಸಿ ಮೆತ್ತುತ್ತದೆ. ಮೇಸ್ತ್ರಿ ಹೊರಗೆ ಫೋನಿನಲ್ಲಿದ್ದಾಗ ಅಕ್ಕ ಚುಚ್ಚಿಬಿಟ್ಟರು. "ನಮ್ಮಮ್ಮ ಪಂಪ್ ಸ್ಟವ್‌ಗೆ ಪಿನ್ ಹಾಕ್ತಿದ್ದದ್ದು ನೋಡ್ಕೊಂಡು ಬೆಳೆದ ಕೈ ನೋಡಿ. ತಲೆಗಿಂತ ಮುಂಚೆ ಕೈ ಹೋಯ್ತು. ಅವಸರದಲ್ಲಿ ತಳಾನೂ ನೋಡ್ಲಿಲ್ಲ. ಮಾರನೇ ದಿನ ಹಾಲಿನ ಪಾತ್ರೆಯೆಲ್ಲ ಕಪ್ಪು. ಮೇಸ್ತ್ರಿ ಬಂದು ನಡುವಿನ ಒಲೆ ಜೆಟ್ ಬದಲಾಯಿಸಿ, ನನ್ನ ಪರವಾಗಿ ಕೈ ಮುಗಿದು ಹೋದ್ರು. ಅವ್ರು ಕೈ ಮುಗಿದದ್ದು ನೋಡಿ ನನ್ನ ಜೀವ ಹಿಡಿಯಷ್ಟಾಯ್ತು."

ಇಷ್ಟು ಕಥೆಯನ್ನು ಅಕ್ಕ, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳಿದ್ದು ಹಿಂದಿನ ದಿನ. ಇದರಲ್ಲಿ ಒಂದು ತುಣುಕನ್ನು ನನಗೂ ಹೇಳಿರಲಿಲ್ಲ ಎಂಬುದು ಗೊತ್ತಾಗುವುದು ಇವತ್ತು.

ಸರಿ, ಕಪಾಟಿನ ಹತ್ತಿರಕ್ಕೇ ಬರೋಣ. ನೆಲದಿಂದೆದ್ದ ಅಕ್ಕನ ಮುಖದಲ್ಲಿ ಸಣ್ಣ ನಗು. "ನೀರು ತುಂಬ್ತಾನೇ ಇದೆ, ನಿಲ್ತಿಲ್ಲ. ಹೊಟ್ಟೆ ತುಂಬಿದೆ ಅಂತ ಮಿಷನ್‌ಗೇ ಗೊತ್ತಿಲ್ಲ ಅಣ್ಣ. ಖಾಲಿ ಇದ್ದೀನಿ ಅಂದ್ಕೊಂಡು, ಎಲ್ಲಿ ಸುಟ್ಟೋಗ್ತೀನೋ ಅಂತ ಹೆದರಿ ಉರಿ ಹೊತ್ತಿಸ್ತಿಲ್ಲ." ನೀರಿನ ಮಟ್ಟ ನೋಡಿ ಹೇಳುವ ಒಂದು ಕಡ್ಡಿ ಒಳಗಿರುತ್ತದೆ. ತಪ್ಪು ಅದರದ್ದು ಎಂಬುದು ಅಕ್ಕನ ಲೆಕ್ಕ.

ಗುಡುಗಣ್ಣ ಗಡಿಯಾರ ನೋಡುತ್ತಾರೆ. ತಿಂಡಿಯ ಗಾಡಿಗಳು ವಾರ್ಡಿಗೆ ಹೊರಡುವ ಹೊತ್ತು ಹತ್ತಿರವಾಗುತ್ತಿದೆ. ತಿಂದ ಮೇಲೆಯೇ ಮಾತ್ರೆ ನುಂಗಬೇಕಾದವರು ಮೇಲೆ ಕಾಯುತ್ತಿದ್ದಾರೆ. "ಆ ಕಡ್ಡಿಗೆ ಹೋಗೋ ಎರಡು ವೈರ್ ಸೇರಿಸಿಬಿಟ್ರೆ ಹೊತ್ಕೊಳುತ್ತಂತೆ. ಹಿಂದೆ ಯಾರೋ ಬಂದವ್ನು ಹಾಗೇ ಮಾಡಿದ್ದ. ಈಗ ಹಾಗೆ ಮಾಡು ತಾಯಿ, ಆಮೇಲೆ ನಿಧಾನವಾಗಿ ನೋಡ್ಕೋ" ಎನ್ನುತ್ತಾರೆ.

"ಹೊತ್ಕೊಳುತ್ತೆ ಅಣ್ಣ. ಆಮೇಲೆ ಒಂದಿನ ನಿಜವಾಗ್ಲೂ ನೀರಿಲ್ದಾಗ್ಲೂ ಹೊತ್ಕೊಳುತ್ತೆ. ಅವಾಗ ಇದರ ಮುಂದೆ ನಿಂತಿರೋದು ನೀವೇ."

ಗುಡುಗಣ್ಣ ಮುಖ ಗಂಟಿಕ್ಕಿಕೊಂಡು, ಇದ್ದಬದ್ದ ಒಲೆಗಳನ್ನೆಲ್ಲ ಹಚ್ಚಿಸಲು ಹೋಗುತ್ತಾರೆ. ಅಕ್ಕ ಕರೆಂಟು, ಗ್ಯಾಸು, ನೀರು ಮೂರನ್ನೂ ಬಂದ್ ಮಾಡಿ, ಕೈಯಿಟ್ಟು ತಣ್ಣಗಿದೆಯೆಂದು ನೋಡಿ, ಪಕ್ಕದ ತಗಡು ಬಿಚ್ಚುತ್ತಾರೆ. ಹೊರಬಂದ ಕಡ್ಡಿಯ ಮೈತುಂಬ ಸುಣ್ಣ ಬಳಿದಂತೆ ಬಿಳಿ ಕರಣೆ. ಗಡಸು ನೀರಿನ ಪ್ರಸಾದ. ಮರಳುಕಾಗದದಲ್ಲಿ ಉಜ್ಜುತ್ತಾರೆ, ಉಜ್ಜುತ್ತಾರೆ, ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜುತ್ತಾರೆ. ಇಷ್ಟು ವರ್ಷ ಪಾತ್ರೆ ಉಜ್ಜಿದ ಕೈ, ಇದಕ್ಕೆಲ್ಲ ಬೇಸರವೆಂಬುದೇ ಇಲ್ಲ. ಕಡ್ಡಿ ಕೂರಿಸಿ, ತಗಡು ಬಿಗಿದು ಸ್ವಿಚ್ಚು ಒತ್ತುತ್ತಾರೆ. ನೀರು ತುಂಬಿ, ತಾನಾಗಿ ನಿಲ್ಲುತ್ತದೆ. ಭುಸ್ಸೆಂದು ಉರಿ ಹೊತ್ತುತ್ತದೆ. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಆವಿ ಇಣುಕಿದಾಗ ಅಡುಗೆಮನೆಯೇ "ಹೋ" ಎನ್ನುತ್ತದೆ. ನನಗಂತೂ, ಸುಳ್ಳೇಕೆ ಹೇಳಲಿ, ಸಿಳ್ಳೆ ಹೊಡೆಯೋಣ ಅನ್ನಿಸಿತು.

ತಟ್ಟೆಗಳು ಒಳಗೆ ಹೋಗುತ್ತವೆ. "ಪರವಾಗಿಲ್ಲಮ್ಮ" ಎಂದು ಗುಡುಗಣ್ಣ ಗೊಣಗುತ್ತಾರೆ. ಅವರ ಬಾಯಲ್ಲಿ ಅದು ಸನ್ಮಾನವೇ. ಬ್ಯಾಗು ಎತ್ತಿಕೊಂಡು ಹೊರಟಿದ್ದರೆ ಅಕ್ಕನ ದಿನ ಅಲ್ಲಿಗೆ ಗೆದ್ದಂತೆ. ಆದರೆ ಅಕ್ಕ ಹೊರಡುತ್ತಿಲ್ಲ. ಅವರ ಕಣ್ಣು ಸಾಲಿನ ಕಟ್ಟಕಡೆಯ ಒಲೆಯ ಮೇಲಿದೆ. ಹೆಚ್ಚು ಅಡುಗೆ ಇದ್ದ ದಿನ ಮಾತ್ರ ಹಚ್ಚುವ ಒಲೆ ಅದು. ಅದರ ಉರಿಯ ತುದಿ ಹಳದಿ. ಅದರಾಚೆ, ತೊಳೆಯುವ ತೊಟ್ಟಿಯ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಮಸಿ ಹಿಡಿದ ಹಂಡೆಯೊಂದನ್ನು ಮಗುಚಿ ಹಾಕಿಕೊಂಡು ನಾರಿನಿಂದ ಉಜ್ಜುತ್ತಿದ್ದಾರೆ. ಗುಡುಗಣ್ಣ ಅತ್ತ ತಿರುಗಿ, "ಎಷ್ಟು ಸಲ ಹೇಳೋದು ನಿಮ್ಗೆ? ಒಂದು ಹಂಡೆ ನೆಟ್ಟಗೆ ಬೆಳಗೋಕೆ ಬರಲ್ವಾ?" ಎಂದು ಗದರುತ್ತಾರೆ.

ಅಕ್ಕ ನಾಲ್ಕು ಹೆಜ್ಜೆ ಇಟ್ಟು ಇಬ್ಬರ ನಡುವೆ ಬಂದು ನಿಲ್ಲುತ್ತಾರೆ.

"ಅವ್ರನ್ನ ಬೈಬೇಡಿ ಅಣ್ಣ. ಅದು ಅವ್ರ ತಪ್ಪಲ್ಲ, ನಂದು." ಅಡುಗೆಮನೆ ತಿರುಗಿ ನೋಡುತ್ತದೆ. "ಅವತ್ತು ನಾನು ಪಿನ್ ಹಾಕಿದ್ದು ಒಂದಕ್ಕಲ್ಲ, ಎರಡಕ್ಕೆ. ಒಂದು ಸಿಕ್ಕಿಬಿತ್ತು. ಈ ಕಡೇ ಒಲೇದು ಮೇಸ್ತ್ರಿಗೂ ಹೇಳ್ಲಿಲ್ಲ, ಹೆದರಿಕೆ ಆಯ್ತು. ಹೊಸಾ ಜೆಟ್ ಬ್ಯಾಗಲ್ಲಿ ಇಟ್ಕೊಂಡೇ ಓಡಾಡ್ತಿದ್ದೀನಿ, ಒಳಗೆ ಬರೋಕೆ ಮುಖ ಇರ್ಲಿಲ್ಲ. ನಂಗೆ ಬರಬೇಕಾಗಿದ್ದ ಬೈಗುಳ ಪಾಪ ಇವ್ರಿಗೆ ಬಂತು."

ಗುಡುಗಣ್ಣನ ಬಾಯಿ ತೆರೆಯುತ್ತದೆ, ನಾನು ಗುಡುಗಿಗೆ ಕಾಯುತ್ತೇನೆ. ಗುಡುಗು ಬರುವುದಿಲ್ಲ. "ನೀನು ಬಾಯಿ ಬಿಡದೆ ಇದ್ದಿದ್ರೆ ಯಾರಿಗಮ್ಮ ಗೊತ್ತಾಗ್ತಿತ್ತು?" ಎಂದಷ್ಟೇ ಕೇಳುತ್ತಾರೆ.

"ಮಸಿ ಉಜ್ಜೋದು ಅಂದ್ರೇನು ಅಂತ ನಂಗೆ ಗೊತ್ತು ಅಣ್ಣ."

ಅಷ್ಟು ಹೇಳಿ ಅಕ್ಕ ಆ ಒಲೆಯ ಗ್ಯಾಸು ಬಂದ್ ಮಾಡಿ, ಅದು ಆರಿದ ಮೇಲೆ ಬಗ್ಗುತ್ತಾರೆ. ಬ್ಯಾಗಿನ ತಳದಿಂದ ಬಟ್ಟೆ ಸುತ್ತಿದ ಪುಟ್ಟ ಜೆಟ್ ಹೊರಬರುತ್ತದೆ. ಹೊಸ ಜೆಟ್ ಕೂರಿಸಿ, ಸಂದುಗಳಿಗೆ ಸೋಪಿನ ನೀರು ಸವರಿ ಗ್ಯಾಸು ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಚ್ಚುತ್ತಾರೆ. ಉರಿ ನೀಲಿ. ಬೆಳಗಿದ ಪಾತ್ರೆಯಲ್ಲಿ ನೀರಿಟ್ಟು ಕೈ ಕಟ್ಟಿ ನಿಲ್ಲುತ್ತಾರೆ. ಗಾಡಿಗಳು ಗಡಗಡ ಸದ್ದು ಮಾಡುತ್ತ ವಾರ್ಡುಗಳ ಕಡೆ ಹೊರಡುತ್ತವೆ, ಹೊತ್ತಿಗೆ ಸರಿಯಾಗಿ. ಇತ್ತ ನೀರು ಕುದಿಯುತ್ತದೆ. ಪಾತ್ರೆ ಇಳಿಸಿ ನೀರು ಚೆಲ್ಲಿ ಮಗುಚುವವರು ಅಕ್ಕನಲ್ಲ, ಗುಡುಗಣ್ಣ. ಬಟ್ಟೆಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡುತ್ತಾರೆ. ತಳದಲ್ಲಿ ಒಂದು ಚುಕ್ಕೆ ಮಸಿಯಿಲ್ಲ.

ಆ ಪಾತ್ರೆಯನ್ನು ಅವರು ತೊಟ್ಟಿಯ ಪಕ್ಕದ ಹೆಂಗಸಿನ ಹತ್ತಿರ ತೆಗೆದುಕೊಂಡು ಹೋಗಿ ತೋರಿಸುತ್ತಾರೆ. "ಇಷ್ಟು ದಿನ ಸುಮ್ಸುಮ್ನೆ ಬೈದೆ ಕಣಮ್ಮ, ಹೊಟ್ಟೆಗೆ ಹಾಕ್ಕೊಳ್ಳಿ." ಆ ಕಂಠದಿಂದ ಅಷ್ಟು ಮೆತ್ತಗಿನ ಮಾತು ಹೊರಡುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ಅಕ್ಕನ ಕಡೆ ನೋಡುತ್ತಾರೆ. ಬೈಯಬಹುದಿತ್ತು, ಬೈಯುವುದಿಲ್ಲ. "ನೀನೂ ಈ ತೊಟ್ಟಿ ಕಡೆಯಿಂದಾನೇ ಹೋದವ್ಳಂತಲ್ಲ" ಎನ್ನುತ್ತಾರೆ. ಅಕ್ಕ ಹೌದೆಂದು ತಲೆಯಾಡಿಸುತ್ತಾರೆ. ಕಣ್ಣು ತುಂಬಿದೆ.

ಹಿಂಬಾಗಿಲವರೆಗೂ ಬಂದ ಗುಡುಗಣ್ಣ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. "ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀಯೇನಮ್ಮ?"

"ಇಲ್ಲ ಅಣ್ಣ. ಇದೊಂದೇ. ಮುಗೀತು."

"ಸರಿ. ಮೇಸ್ತ್ರಿ ಕಾಲು ವಾಸಿಯಾಗ್ಲಿ, ಬಿಡ್ಲಿ, ಇನ್ಮೇಲೆ ಇಲ್ಲಿಗೆ ನೀನೇ ಬರ್ಬೇಕು. ಫೋನ್ ಮಾಡಿದ್ರೆ ಏನಂತ ಹೇಳ್ಲಿ? ಆ ಹೆಲ್ಪರ್ ಅಕ್ಕನ್ನ ಕಳ್ಸಿ ಅನ್ಲಾ?"

ಅಕ್ಕ ಬ್ಯಾಗನ್ನು ಹೆಗಲಿಗೇರಿಸಿಕೊಳ್ಳುತ್ತಾರೆ.

"ಮೆಕ್ಯಾನಿಕ್‌ನ ಕಳ್ಸಿ ಅನ್ನಿ ಅಣ್ಣ. ನಾನೇ ಬರ್ತೀನಿ."