ಪೌರನೀತಿ ಮೇಷ್ಟ್ರ ಅಧ್ಯಕ್ಷೆ

ಪೌರನೀತಿ ಮೇಷ್ಟ್ರು ಪಾಠ ಮಾಡುತ್ತಿದ್ದದ್ದು ಕಡಿಮೆ, ಆಟ ಆಡಿಸುತ್ತಿದ್ದದ್ದೇ ಹೆಚ್ಚು. ರಾಷ್ಟ್ರಾಧ್ಯಕ್ಷರ ಒಂದೊಂದು ಕೆಲಸಕ್ಕೂ ಒಂದೊಂದು ಟೋಪಿ. ಸೇನೆಗೆ ಹಸಿರು, ಕಾನೂನಿಗೆ ಸಹಿ ಹಾಕಲು ಕಪ್ಪು, ಹೊರದೇಶದ ಅತಿಥಿಗಳನ್ನು ಬರಮಾಡಿಕೊಳ್ಳಲು ಹೊಳೆಯುವ ಅಂಚಿನದು. ಹಳೆಯ ಪರದೆ ಬಟ್ಟೆಯಲ್ಲಿ ಅವನ್ನು ಹೊಲಿದುಕೊಟ್ಟವರು ಅವರ ಹೆಂಡತಿ. ಮೇಷ್ಟ್ರು "ಗಡೀಲಿ ಗಲಾಟೆ" ಎಂದು ಕೂಗಿದರೆ ಅಧ್ಯಕ್ಷರಾದವರು ಓಡಿಹೋಗಿ ಸರಿಯಾದ ಟೋಪಿ ಹಾಕಿಕೊಳ್ಳಬೇಕು. ತಪ್ಪಿದರೆ ತರಗತಿಯೆಲ್ಲ ಹೋ ಎನ್ನುತ್ತಿತ್ತು.

"ನಿಮ್ಮ ಸರ್ಕಾರ ಬಿದ್ದಾಗೆಲ್ಲ ನನ್ನ ಲೆಕ್ಕ ತಪ್ಪುತ್ತೆ ಕಣ್ರೀ," ಎಂದು ಪಕ್ಕದ ಕೋಣೆಯ ಗಣಿತದವರು ಗೊಣಗುತ್ತಿದ್ದರು.

ಪ್ರತಿ ತಿಂಗಳೂ ಚುನಾವಣೆ. ಒಂದು ಸಲ ಗೆದ್ದವಳು ಗುಬ್ಬಿ. ಮೈಕಟ್ಟು ಸಣ್ಣದೆಂದು ಎಲ್ಲರೂ ಹಾಗೆ ಕರೆಯುತ್ತಿದ್ದರು. ಅದೇ ತಿಂಗಳು ಮೇಷ್ಟ್ರ ಹೆಂಡತಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಬಂದ ನೆಂಟರು ಬಂದ ಹಾಗೇ ಹೊರಟುಹೋದರು.

ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರು ಬಾಗಿಲು ತೆರೆದರೆ ಗುಬ್ಬಿ ನಿಂತಿದ್ದಳು. ಹಿಂದೆ ಅವಳ ಇಬ್ಬರು ಮಂತ್ರಿಗಳು, ನೀಟಾಗಿ ತಲೆ ಬಾಚಿಕೊಂಡು.

"ಏನಮ್ಮ?"

"ಯಾರಿಗಾದ್ರೂ ದುಃಖ ಆದ್ರೆ ಅಧ್ಯಕ್ಷರು ಹೋಗಿ ಮಾತಾಡಿಸ್ಬೇಕು ಅಂತ ನೀವೇ ಹೇಳಿದ್ರಲ್ಲ, ಸರ್. ಯಾವ ಟೋಪಿ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಬರೀ ತಲೇಲಿ ಬಂದ್ವಿ."

"ಅದಕ್ಕೊಂದು ಹೊಲಿ ಅಂತ ನಾನು ಅವಳಿಗೆ ಹೇಳೇ ಇರ್ಲಿಲ್ಲಮ್ಮ," ಎಂದರು ಮೇಷ್ಟ್ರು. ಹೊಸ್ತಿಲ ಬಳಿಯೇ ಕುಸಿದು ಕೂತರು.

ಗುಬ್ಬಿಗೆ ಬಾಯಿಪಾಠ ಮಾಡಿಕೊಂಡು ಬಂದ ಭಾಷಣ ಮರೆತೇಹೋಯಿತು. ಏನೂ ತೋಚದೆ, "ಊಟ ಆಯ್ತಾ ಸರ್?" ಎಂದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಮಂತ್ರಿಯೊಬ್ಬಳು ತನ್ನ ಮನೆಗೆ ಓಡಿ ಡಬ್ಬಿಯಲ್ಲಿ ಊಟ ತಂದಳು. ಅವರು ಉಂಡು ಮುಗಿಸುವ ತನಕ ಮೂವರೂ ಕದಲಲಿಲ್ಲ.

ಶಾಲೆಗೆ ಮರಳಿದ ಮೇಷ್ಟ್ರು ಪುಸ್ತಕ ತೆರೆದು ಓದಿಸತೊಡಗಿದರು. ತಿಂಗಳು ಕಳೆದರೂ ಚುನಾವಣೆಯ ಮಾತಿಲ್ಲ. ಕಡೆಗೆ ಗುಬ್ಬಿಯೇ ಮೇಜಿನ ಹತ್ತಿರ ಹೋದಳು.

"ಸರ್, ನನ್ನ ಅವಧಿ ಮುಗೀತು. ಕುರ್ಚಿ ಬಿಡ್ಬೇಕಲ್ವಾ?"

"ಬಿಡ್ಬೇಕು." ಅವರು ತೆರೆದಿದ್ದ ಪುಸ್ತಕ ಮುಚ್ಚಿದರು. "ಗೆದ್ದೋರ ತಲೆ ಅಳತೆಗೆ ಟೋಪಿ ಬಿಗಿ ಮಾಡಿಕೊಡ್ತಿದ್ದವಳು ಅವಳು. ಈಗ ನನ್ನ ಕೈಲಾಗಲ್ಲಮ್ಮ. ವರ್ಷ ಮುಗಿಯೋ ತನಕ ನೀನೇ ಇರು."

ಇದು ತಪ್ಪೆಂದು ಗುಬ್ಬಿಗೆ ಗೊತ್ತಿತ್ತು, ಕಲಿಸಿದವರಿಗೂ ಗೊತ್ತಿತ್ತು. ತರಗತಿಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಮರುವರ್ಷ ಮೇಷ್ಟ್ರು ಪೌರನೀತಿ ಬೇಡವೆಂದು ಹೇಳಿ ಭೂಗೋಳ ತೆಗೆದುಕೊಂಡರು.