ಅಮ್ಮನ ಬಾಯಿ ಕೆಂಪಾಗಿತ್ತು

ಲಾಕ್‌ಡೌನ್ ಅಂದಾಗ ನನಗೆ ಮೊದಲು ನೆನಪಾಗೋದು ಅಮ್ಮನ ಬಾಯಿ. ಮನೆಗೆ ವೀಳ್ಯದೆಲೆ ಬಂದು ವಾರಗಳೇ ಆಗಿದ್ದವು. ಹಲಸೂರು ಮಾರ್ಕೆಟ್ಟಲ್ಲಿ ಎಲೆ ಮಾರೋ ಹೆಂಗಸರೇ ಕಾಣೆಯಾಗಿದ್ದರು. ಆದರೂ ಸಾಯಂಕಾಲ ಆದರೆ ಸಾಕು, ಅಮ್ಮನ ತುಟಿ ಕೆಂಪಗಾಗಿರುತ್ತಿತ್ತು. ಕೇಳಿದರೆ, "ಮಧ್ಯಾಹ್ನ ನೀನೇ ಬೀಟ್ರೂಟ್ ಪಲ್ಯ ಮಾಡಿದ್ದೆ ಅಲ್ವೇನೇ" ಅಂದಳು. ಹೌದು, ಮಾಡಿದ್ದು ನಾನೇ. ಆದರೆ ಬೀಟ್ರೂಟ್ ತಿಂದವರ ಬೆರಳ ತುದಿಗೆ ಸುಣ್ಣ ಎಲ್ಲಿಂದ ಬರುತ್ತೆ?

ನನ್ನ ಅನುಮಾನಕ್ಕೆ ಕಾರಣ ಇತ್ತು. ಅಮ್ಮನಿಗೆ ಮೊದಲಿಂದಲೂ ದಮ್ಮು. ಈ ಕೊರೋನಾ ಎದೆಗೆ ಇಳಿದರೆ ಉಳಿಯೋದು ಕಷ್ಟ ಅಂತ ಡಾಕ್ಟರು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಮನೇಲಿ ಇದ್ದದ್ದು ನಾವಿಬ್ಬರೇ. ಅವತ್ತಿಂದ ನಾನು ಯಾರನ್ನೂ ನಂಬಲಿಲ್ಲ. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಾಕಿ ತೊಳೆದೆ. ಗಾಡಿಯವನು ಕೆಮ್ಮಿದ ಅಂತ ಕೊಂಡ ಸೊಪ್ಪನ್ನ ಅಲ್ಲೇ ಬಿಟ್ಟು ಬಂದೆ. ಅಂಗಡಿ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಅಂದರು. ದಿನವಿಡೀ ಹರಡಿಕೊಂಡು ಬರುತ್ತಿದ್ದ ಜನವೆಲ್ಲ ಅಷ್ಟು ಹೊತ್ತಿಗೇ ಮುಗಿಬೀಳುತ್ತಿದ್ದರು, ನನ್ನ ಬೆನ್ನಿಗೆ ಯಾರದೋ ಹೊಟ್ಟೆ ತಾಗುತ್ತಿತ್ತು. ಯಾವ ಪುಣ್ಯಾತ್ಮ ಮಾಡಿದ ರೂಲ್ಸೋ ಅಂತ ಬೈದುಕೊಂಡೇ ಮನೆಗೆ ಬರುತ್ತಿದ್ದೆ.

ಎಲ್ಲರಿಗಿಂತ ಜಾಸ್ತಿ ಅನುಮಾನ ಪಕ್ಕದ ಮನೆಯವನ ಮೇಲೆ. ಅವನಿಗೆ ಶಿವಾಜಿನಗರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ, ಪಾಸ್ ಇಟ್ಟುಕೊಂಡು ದಿನಾ ಹೋಗಿಬರುತ್ತಿದ್ದ. ಅವನ ಗಾಡಿ ಸದ್ದು ಕೇಳಿದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಅವನ ತಾಯಿ, ತಮಿಳು ಮನೆಮಾತಿನ ಮುದುಕಿ, ಅಮ್ಮನ ಹಳೇ ಗೆಳತಿ. ಇಬ್ಬರಿಗೂ ಹಲ್ಲಿಲ್ಲ, ಇಬ್ಬರಿಗೂ ಸೇರಿ ಒಂದೇ ಕುಟ್ಟಾಣಿ. ಸಾಯಂಕಾಲ ನಮ್ಮ ಜಗಲಿ ಮೇಲೆ ಕೂತು ಅದರಲ್ಲಿ ಎಲೆ ಅಡಿಕೆ ಕುಟ್ಟಿ, ಅರ್ಧರ್ಧ ಹಂಚಿಕೊಂಡು, ಬೀದಿಯವರ ವಿಚಾರವೆಲ್ಲ ಮಾತಾಡಿ ಏಳುತ್ತಿದ್ದರು. ಲಾಕ್‌ಡೌನ್ ಶುರುವಾದ ವಾರವೇ ಪೊಲೀಸಿನವರು ಲಾಠಿ ಕುಟ್ಟಿ ಇಬ್ಬರನ್ನೂ ಒಳಗೆ ಕಳಿಸಿದರು. ಒಳ್ಳೇದಾಯ್ತು ಅಂದುಕೊಂಡೆ.

ಅಲ್ಲಿಂದ ಅಮ್ಮನಿಗೆ ಟೆರೇಸಿನ ಮೇಲೆ ಪ್ರೀತಿ ಹುಟ್ಟಿತು. ಮಂಡಿನೋವು ಅಂತ ವರ್ಷಗಟ್ಟಲೆ ಮೆಟ್ಟಿಲು ಹತ್ತದವಳು, "ಬಟ್ಟೆ ನಾನ್ ತರ್ತೀನಿ ಬಿಡು" ಅನ್ನೋಕೆ ಶುರು ಮಾಡಿದಳು. ಎರಡು ಟವೆಲ್ ತರೋಕೆ ಒಂದು ಗಂಟೆ. ನಮ್ಮ ಟೆರೇಸಿಗೂ ಅವರದಕ್ಕೂ ನಡುವೆ ಇರೋದು ಮೊಣಕಾಲೆತ್ತರದ ಗೋಡೆ. ಒಂದು ದಿನ ಸದ್ದಿಲ್ಲದೆ ಹತ್ತಿದೆ. ಮೆಟ್ಟಿಲು ಮುಗಿಯೋ ಕಡೆ ಹಳೇ ಸಾಮಾನು ತುಂಬಿದ ಶೀಟಿನ ಕೋಣೆ ಇದೆ, ಕಿಟಕಿಯಿಲ್ಲ. ಬಾಗಿಲು ಹಾಕಿತ್ತು. ತಳ್ಳಿದರೆ ಪೇಂಟ್ ಡಬ್ಬದ ಮೇಲೆ ಅಮ್ಮ ಒಬ್ಬಳೇ ಕೂತಿದ್ದಾಳೆ. ಎದುರಿಗೆ ಇನ್ನೊಂದು ಡಬ್ಬ ಬೋರಲು ಹಾಕಿತ್ತು, ಅದರ ಮೇಲೆ ಒಂದು ಚೂರೂ ಧೂಳಿಲ್ಲ.

"ಯಾರು ಬಂದಿದ್ರು?"

"ಯಾರ್ ಬರ್ತಾರೆ ಇಲ್ಲಿ? ಕಾಲಿಟ್ಕೊಳ್ಳೋಕೆ ಹಾಕ್ಕೊಂಡೆ. ಹೆತ್ತ ತಾಯಿ ಮೇಲೇ ಅನುಮಾನ ಪಡ್ತೀಯಲ್ಲ, ಪೊಲೀಸ್ ಕೆಲ್ಸಕ್ಕೆ ಸೇರ್ಬೇಕಿತ್ತು ನೀನು."

ನಗು ಬಂತು, ಸಿಟ್ಟೂ ಬಂತು. ಗಾಳಿ ಆಡೋ ಜಗಲಿಯಿಂದ ಎಬ್ಬಿಸಿದ್ದಕ್ಕೆ ಇಬ್ಬರೂ ಈ ಗೂಡಿಗೆ ಬಂದು ಸೇರಿಕೊಂಡಿದ್ದಾರಾ? ಸಾಕ್ಷಿ ಇರಲಿಲ್ಲ. ಮಾರನೇ ದಿನ ಆ ಕೋಣೆಗೆ ಬೀಗ ಜಡಿದೆ.

ಆಗಲೇ ತಡವಾಗಿತ್ತು. ಸ್ವಲ್ಪ ದಿನಕ್ಕೇ ಪಕ್ಕದ ಮನೆ ಮುಂದೆ ಆಂಬುಲೆನ್ಸ್ ಬಂದು ಗೆಳತಿಯನ್ನ ಕರಕೊಂಡು ಹೋಯಿತು. ಅಮ್ಮ ಕಿಟಕಿಯಿಂದ ನೋಡಿದಳು.

"ಅಮ್ಮ, ಈಗ್ಲಾದ್ರೂ ನಿಜ ಹೇಳು. ಅವರ ಜೊತೆ ಕೂತಿದ್ದೆ ತಾನೆ?"

"ದೇವರಾಣೆ ಇಲ್ಲ."

ಹೇಳಿದರೆ ತನ್ನನ್ನೂ ಆ ಗಾಡಿಗೆ ಹತ್ತಿಸುತ್ತಾರೆ, ಹತ್ತಿದವರು ಮನೆಗೆ ಬರೋದಿಲ್ಲ ಅನ್ನೋ ಭಯ ಅವಳಿಗೆ. ಕೆಮ್ಮು ಬಂದರೆ ಸೆರಗನ್ನ ಬಾಯಿಗೆ ಒತ್ತಿಕೊಂಡು ನುಂಗುತ್ತಿದ್ದಳು. ನಾನು ಅಡುಗೆಮನೆಯಿಂದಲೇ ಅವಳ ಉಸಿರಿಗೆ ಕಿವಿಗೊಡುತ್ತಿದ್ದೆ. ಟೆಸ್ಟಿಗೆ ಹೋಗೋಣ ಅಂದರೆ ನನಗೇನಾಗಿದೆ ಅನ್ನುತ್ತಿದ್ದಳು.

ಬಾಯಿ ಬಿಟ್ಟಿದ್ದು ಗೆಳತಿ. ಅವಳ ಮಗ ತನ್ನ ಟೆರೇಸಿನ ಆ ತುದಿಯಲ್ಲಿ ನಿಂತು ನನ್ನನ್ನ ಕೂಗಿದ. "ಅಕ್ಕಾ, ಅಮ್ಮ ಆಸ್ಪತ್ರೆಯಿಂದ ಫೋನ್ ಮಾಡಿದ್ರು. ದಿನಾ ಇಬ್ರೂ ಮೇಲೆ ಬಾಗ್ಲು ಹಾಕ್ಕೊಂಡು, ನಮ್ ಕುಂಡದ ಎಲೇನೇ ಕುಟ್ಕೊಂಡು ತಿಂತಿದ್ರಂತೆ. ನಿಮ್ಮಮ್ಮಂಗೆ ಬೇಗ ಟೆಸ್ಟ್ ಮಾಡ್ಸೋಕೆ ಹೇಳು ಅಂತ ಅಳ್ತಾ ಇದ್ರು." ಬಾಯಲ್ಲಿ ಎಲೆ ಇಟ್ಟುಕೊಂಡು ಮಾಸ್ಕ್ ಯಾರು ಹಾಕುತ್ತಾರೆ? ಅವತ್ತೇ ಅಮ್ಮನನ್ನ ಎಳಕೊಂಡು ಹೋದೆ. ಆಕ್ಸಿಜನ್ ಇಳಿಯೋಕೆ ಶುರುವಾಗಿತ್ತು, ಇನ್ನೊಂದೆರಡು ದಿನ ಬಿಟ್ಟಿದ್ದರೆ ಕೈಮೀರುತ್ತಿತ್ತು ಅಂದರು. ದಾರಿಯುದ್ದಕ್ಕೂ ಅಮ್ಮ ಗೊಣಗಿದ್ದು ಒಂದೇ ಮಾತು. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿದ್ಲು. ಹೇಳ್ಬಿಟ್ಲು ನೋಡು."

ಅಮ್ಮ ಮನೆಗೆ ಬಂದಳು. ಗೆಳತಿ ಬರಲಿಲ್ಲ.

ಎದೆ ಇನ್ನೂ ಸರಿಹೋಗದವಳಿಗೆ ಅದನ್ನ ಹೇಗೆ ಹೇಳೋದು? "ಹೊರಮಾವಿಗೆ, ಮಗಳ ಮನೆಗೆ ಹೋಗಿದ್ದಾರೆ" ಅಂದೆ. ಬೀದಿಯವರಿಗೂ ಹಾಗೇ ಹೇಳಿ ಅಂತ ಬೇಡಿಕೊಂಡೆ. ಫೋನ್ ಹಚ್ಚಿಕೊಡು ಅಂದಳು, ಅಲ್ಲಿ ಸಿಗ್ನಲ್ ಸಿಗಲ್ಲ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಾನು ಯಾರ ಹತ್ತಿರ ಮಾತಾಡಿದರೂ ಅವಳ ಕಿವಿ ಇತ್ತ ಕಡೆಗೇ.

ಒಂದು ಬೆಳಿಗ್ಗೆ ಕಾಫಿ ಕೊಡೋಕೆ ಹೋದರೆ ಕಿಟಕಿ ಹತ್ತಿರ ನಿಂತಿದ್ದಳು. ಹೊರಗೆ ಪಕ್ಕದ ಮನೆಯವನು ಗಾಡಿ ಒರೆಸುತ್ತಿದ್ದ.

"ಮಗಳ ಮನೆಗೆ ಹೋಗಿದಾಳೆ ಅಂದ್ಯಲ್ಲ" ಅಂದಳು, ನನ್ನ ಕಡೆ ತಿರುಗದೆ. "ಮತ್ತೆ ಇವನ್ಯಾಕೆ ತಲೆ ಬೋಳಿಸ್ಕೊಂಡಿದಾನೆ?"